ಗಂಜಿಯಿಂದ ಶುರುವಾದ ನಮ್ಮ ಸಭೆ

2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಟೀಚರ್ ಒಬ್ಬರು ನಮ್ಮ ಮನೆಗೆ ಬಂದರು. ಬಾಗಿಲ ಪಕ್ಕ ಅಂಟಿಸಿದ್ದ ಸ್ಟಿಕರ್ ನೋಡಿ, ಜಗಲಿ ಮೇಲೆ ಕೂತು, ಮೊಬೈಲ್ ತೆಗೆದರು. ಅರವತ್ತು ಪ್ರಶ್ನೆ. ಹೆಸರು, ವಯಸ್ಸು, ಓದು, ಹಸು, ಬೈಕು, ಪಾಯಿಖಾನೆ ಎಲ್ಲ ಸಲೀಸಾಗಿ ಆಯಿತು. ಧರ್ಮ? ಕ್ರೈಸ್ತ. ಸರಿ. ಜಾತಿ?

ಅಲ್ಲಿ ಎಲ್ಲರೂ ಸುಮ್ಮನಾದೆವು. ಅಪ್ಪ ಕೊಟ್ಟಿಗೆ ಕಡೆ ನೋಡಿದರು. ಅಮ್ಮ ಕಾಫಿ ತರುತ್ತೀನಿ ಅಂತ ಒಳಗೆ ಹೋದರು. ಟೀಚರ್‌ಗೂ ಮುಜುಗರ. "ಏನಾದ್ರೂ ಒಂದು ಹೇಳಿ ಸಾರ್, ಮುಂದಕ್ಕೆ ಹೋಗಬೇಕು" ಅಂದರು. ಆಗ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ನಮ್ಮ ಅಜ್ಜಿ ತಲೆ ಎತ್ತದೇ ಹೇಳಿದರು: "ನಾವು ಬರದ ಮಕ್ಕಳು ಕಣಮ್ಮಾ. ಹಂಗೇ ಬರ್ಕೋ."

ಟೀಚರ್ ನಕ್ಕರು. ನಮಗೆ ನಗು ಬರಲಿಲ್ಲ. ನಾವು ಅಕ್ಕ ತಮ್ಮ ಇಬ್ಬರೂ ಪತ್ರಿಕೋದ್ಯಮ ಓದಿದವರು. ಊರೂರು ತಿರುಗಿ ಬೇರೆಯವರ ಮನೆ ಕಥೆ ಕೇಳಿ ಬರೆಯುವುದು ನಮಗೆ ರೂಢಿ. ನಮ್ಮದೇ ಮನೆಯ ಕಥೆಯನ್ನು ಮಾತ್ರ ಎಂದೂ ಪೂರ್ತಿ ಕೇಳಿರಲಿಲ್ಲ. ಆವತ್ತು ಸಂಜೆ ಅಜ್ಜಿಯ ಪಕ್ಕ ನಾವೂ ಹುಣಸೆಹಣ್ಣು ಬಿಡಿಸಲು ಕೂತೆವು. ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇದು ಕೋಲಾರ ಸೀಮೆಯ ಮೆಥೋಡಿಸ್ಟ್ ಸಭೆ ಹುಟ್ಟಿ ಬೆಳೆದ ಕಥೆ. ನಮ್ಮ ಮನೆಯ ಕಥೆಯೂ ಅದೇ.

ನಿಮ್ಮ ಊರಿನ ಹಿರಿಯರ ಬಾಯಲ್ಲಿ "ಧಾತು ಈಶ್ವರದ ಬರ" ಅನ್ನುವ ಮಾತು ಕೇಳಿರಬಹುದು. ಧಾತು ಸಂವತ್ಸರ ಅಂದರೆ 1876–77, ಈಶ್ವರ ಸಂವತ್ಸರ ಅಂದರೆ 1877–78. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಮಳೆ ಒಂದು ವರ್ಷ ಕೈಕೊಟ್ಟಿತು, ಮರುವರ್ಷವೂ ಬರಲಿಲ್ಲ. ಕೋಲಾರದಂಥ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ನಮ್ಮದೆಲ್ಲ ಕೆರೆ ನಂಬಿದ ಬದುಕು. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಮೇಲಿನದೇ ಒಣಗಿದರೆ ಸಾಲಿಗೆ ಸಾಲೇ ಒಣಗುತ್ತದೆ.

1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ ಮತ್ತೆ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳನ್ನೂ ಸೇರಿಸಿದ ಮೇಲೂ 8 ಲಕ್ಷದಷ್ಟು ಜನ ಕಡಿಮೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಹಳಿಯ ಮಣ್ಣು ಕೆಲಸ ಆ ಬರದಲ್ಲಿ ಕೂಲಿಗೆ ಬಂದವರ ಕೈಯಲ್ಲಿ ಆದದ್ದು. ಹಸಿದವರಿಗೆ ಕೆಲಸ ಕೊಡಲು ಸರ್ಕಾರ ಹಿಡಿದ ದಾರಿ ಅದು. ಕೆಲಸ ಮಾಡಲು ತ್ರಾಣ ಇಲ್ಲದವರಿಗೆ ಗಂಜಿ ಕೇಂದ್ರ. ಗಂಜಿ ಕೇಂದ್ರದವರೆಗೂ ನಡೆಯಲಾಗದವರು ದಾರಿಯಲ್ಲೇ ಉಳಿದರು.

ನಮ್ಮ ಅಜ್ಜಿಯ ಅಜ್ಜಿ ಹಾಗೆ ದಾರಿಯಲ್ಲಿ ಉಳಿದವರ ಮಗಳು. ಐದೋ ಆರೋ ವರ್ಷ. ಒಂದು ಕೆರೆ ಏರಿಯ ಮೇಲೆ ಸಿಕ್ಕಳಂತೆ. ಜೊತೆಯಲ್ಲಿ ತಾಯಿ ಇದ್ದಳು, ಉಸಿರು ಇರಲಿಲ್ಲ. ಆ ಮಗುವಿಗೆ ತನ್ನ ಊರಿನ ಹೆಸರು ಹೇಳಲು ಬರುತ್ತಿರಲಿಲ್ಲ. ಅಪ್ಪನ ಹೆಸರು "ಅಪ್ಪ", ಅಮ್ಮನ ಹೆಸರು "ಅಮ್ಮ". ದಾರಿಯಲ್ಲಿ ಹುಣಸೆ ಬೀಜ ಹುರಿದು ತಿಂದದ್ದು, ಪಾಪಾಸುಕಳ್ಳಿ ಹಣ್ಣಿನ ಮುಳ್ಳು ನಾಲಿಗೆಗೆ ಚುಚ್ಚಿದ್ದು ಮಾತ್ರ ನೆನಪು. ಆಕೆ ತೀರಿಕೊಂಡಾಗ ಎಂಬತ್ತರ ಹತ್ತಿರ ವಯಸ್ಸು. ನಮ್ಮ ಅಜ್ಜಿ ಆಗ ಸಣ್ಣ ಹುಡುಗಿ. ಆ ಮುದುಕಿಯ ಮಡಿಲಲ್ಲಿ ಮಲಗಿ ಕೇಳಿದ ಮಾತುಗಳನ್ನೇ ಈಗ ನಮಗೆ ಹೇಳುತ್ತಿರುವುದು.

ಆ ಹೊತ್ತಿಗೆ ಕೋಲಾರದಲ್ಲಿ ಮಿಸ್ ಲೂಯಿಸಾ ಆನ್ಸ್ಟೀ ಅನ್ನುವ ಇಂಗ್ಲಿಷ್ ಹೆಂಗಸು ಇದ್ದರು. ಮದುವೆ ಮಾಡಿಕೊಳ್ಳದೆ ಧರ್ಮಕಾರ್ಯಕ್ಕೆ ಬಂದವರು. ಬರ ಬಂದಾಗ ಬೀದಿಯಲ್ಲಿ ಬಿದ್ದ ಮಕ್ಕಳನ್ನು ಅವರು ಒಳಗೆ ಕರೆದುಕೊಂಡರು. ಒಂದು ಮಗು ಹತ್ತಾಯಿತು, ಹತ್ತು ನೂರಾಯಿತು, ನೂರು ನೂರಾರಾಯಿತು. ಬಂದವರಲ್ಲಿ ಎಷ್ಟೋ ಮಕ್ಕಳು ಉಳಿಯಲಿಲ್ಲ. ಬಹಳ ದಿನ ಹಸಿದ ಹೊಟ್ಟೆಗೆ ಒಮ್ಮೆಲೇ ಅನ್ನ ಹಾಕಿದರೂ ಜೀವ ಹೋಗುತ್ತದೆ. ಗಂಜಿ ತೆಳ್ಳಗೆ ಮಾಡಿ, ಚಮಚದಲ್ಲಿ ಗುಟುಕು ಗುಟುಕಾಗಿ ಹಾಕಬೇಕು. ಅಜ್ಜಿಯ ಅಜ್ಜಿಗೆ ಹಾಗೆ ಗಂಜಿ ಹಾಕಿದ ಕೈ ಯಾರದು ಅಂತ ಕೂಡ ಗೊತ್ತಿಲ್ಲ. "ಬಿಳೀ ಅಮ್ಮನೇನಲ್ಲ, ನಮ್ಮಂಗೇ ಕಪ್ಪು ಕೈ" ಅನ್ನುತ್ತಿದ್ದಳಂತೆ. ಅಷ್ಟು ಮಕ್ಕಳನ್ನು ಒಬ್ಬ ಹೆಂಗಸು ಸಾಕಲು ಆಗುತ್ತದೆಯೇ? ಅಡಿಗೆಯವರು, ಆಯಾಗಳು, ನೀರು ಹೊರುವವರು ಎಲ್ಲ ಇಲ್ಲಿನವರೇ. ಅವರ ಹೆಸರು ಯಾವ ಪುಸ್ತಕದಲ್ಲೂ ನಮಗೆ ಸಿಗಲಿಲ್ಲ.

ಆ ಮನೆಯಲ್ಲಿ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಉಂಡರು. ಒಕ್ಕಲಿಗರ ಮಗುವೋ, ಹೊಲೆಯರ ಮಗುವೋ, ಕುರುಬರದೋ, ನೇಕಾರರದೋ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರೂ ಮರೆತರು. ಬರ ಅವರ ಜಾತಿಯನ್ನು ತೆಗೆದುಹಾಕಿತ್ತು. ಅವರ ಹೆಸರನ್ನೂ ತೆಗೆದಿತ್ತು. ಮಕ್ಕಳಿಗೆ ಬೈಬಲಿನ ಹೆಸರು ಇಟ್ಟರು. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ನಾವು ಇವತ್ತು ಸುಲಭವಾಗಿ ತೀರ್ಪು ಹೇಳಲಾರೆವು. ಒಂದು ಹೆಸರು ಸಿಕ್ಕಿತು, ಒಂದು ಹೆಸರು ಹೋಯಿತು. ಅವಳ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳು ಅನ್ನುವುದು ಆ ಕೆರೆ ಏರಿಯ ಮೇಲೇ ಉಳಿಯಿತು.

ಈಗ ಕಹಿ ಮಾತಿಗೆ ಬರೋಣ. ನಮ್ಮಂಥವರನ್ನು ಕಂಡರೆ ಟೀ ಅಂಗಡಿಯಲ್ಲಿ ಒಂದು ಮಾತು ತೇಲಿ ಬರುತ್ತದೆ: "ಒಂದು ತಟ್ಟೆ ಅನ್ನಕ್ಕೆ ಮತ ಬಿಟ್ಟವರು." ಶಾಲೆಯಲ್ಲಿ ಕೇಳಿದ್ದೇವೆ, ಬಸ್ಸಿನಲ್ಲಿ ಕೇಳಿದ್ದೇವೆ, ಈಗ ವಾಟ್ಸಪ್ಪಿನಲ್ಲೂ ಓದುತ್ತೇವೆ. ಚಿಕ್ಕಂದಿನಲ್ಲಿ ಇದಕ್ಕೆ ಸಿಟ್ಟು ಬಂದು, "ಇಲ್ಲ, ನಮ್ಮವರು ನಂಬಿಕೆಯಿಂದ ಬಂದವರು" ಅಂತ ಜಗಳ ಆಡುತ್ತಿದ್ದೆವು.

ಈಗ ಆಡುವುದಿಲ್ಲ. ಅಜ್ಜಿ ನಮ್ಮ ಬಾಯಿ ಮುಚ್ಚಿಸಿದರು. "ಅದರಲ್ಲಿ ಸುಳ್ಳೇನೈತೆ? ಅನ್ನದಿಂದಲೇ ಶುರುವಾದದ್ದು. ಆರು ವರ್ಷದ ಕೂಸು ಮತ ನೋಡಿ ಗಂಜಿ ಕುಡೀತದಾ? ಸಾಯೋ ಕೂಸಿಗೆ ಗಂಜಿ ಹಾಕಿದೋರು ಯಾರೋ, ಅವರ ದೇವರೇ ನಮ್ಮ ದೇವರು ಅಂದಳು ನಮ್ಮಜ್ಜಿ. ತಪ್ಪಾ?"

ಅಜ್ಜಿಯ ಮಾತಿಗೆ ನಮ್ಮದೊಂದು ಮಾತು ಸೇರಿಸುತ್ತೇವೆ. ಆ ಮಕ್ಕಳಿಗೆ ಆಯ್ಕೆ ಇರಲಿಲ್ಲ ಅನ್ನುವುದು ನಿಜ. ಆದರೆ ದೊಡ್ಡವರಾದ ಮೇಲೆ ಆಯ್ಕೆ ಇತ್ತು. ಬರ ಮುಗಿಯಿತು, ಮಳೆ ಬಂತು, ಹತ್ತಿರದಲ್ಲೇ ಚಿನ್ನದ ಗಣಿ ಶುರುವಾಯಿತು, ಕೂಲಿಗೆ ಜನ ಬೇಕಾಗಿದ್ದರು. ಹೋಗುವವರು ಹೋದರು. ಉಳಿದವರು ಮದುವೆಯಾದರು, ಸಂಸಾರ ಹೂಡಿದರು, ಭಾನುವಾರ ಕೂಡಿ ಹಾಡಿದರು. ಗಂಜಿ ನಿಂತ ಮೇಲೂ ನಡೆದುಬಂದದ್ದು ಸಭೆ. ಅದನ್ನು ಕಟ್ಟಿದವರು ಆ ಮಕ್ಕಳೇ.

1890ರಲ್ಲಿ ಮಿಸ್ ಆನ್ಸ್ಟೀ ತಮ್ಮ ಕೋಲಾರದ ಕೆಲಸವನ್ನು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಅಲ್ಲಿಂದ ನಮ್ಮವರು ಮೆಥೋಡಿಸ್ಟರಾದರು. ಮಿಷನ್ ಬದಲಾದದ್ದು ದೊಡ್ಡವರ ಮಾತುಕತೆ. ಮಕ್ಕಳನ್ನು ಯಾರೂ ಕೇಳಿರಲಿಕ್ಕಿಲ್ಲ.

ಮೆಥೋಡಿಸ್ಟ್ ಅಂದರೆ ಏನು ಅಂತ ನಮ್ಮನ್ನು ಬಹಳ ಜನ ಕೇಳುತ್ತಾರೆ. 1730ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ದಿನಕ್ಕಿಷ್ಟು ಹೊತ್ತು ಪ್ರಾರ್ಥನೆ, ಇಷ್ಟು ಹೊತ್ತು ಓದು, ಜೈಲಿನಲ್ಲಿರುವವರ ಭೇಟಿ ಅಂತ ಕ್ರಮ ಹಾಕಿಕೊಂಡು ನಡೆಯುತ್ತಿದ್ದರು. ಉಳಿದವರು "ಇವರದ್ದು ಎಲ್ಲಕ್ಕೂ ಮೆಥಡ್ಡು" ಅಂತ ಗೇಲಿ ಮಾಡಿದರು. ಗೇಲಿಯ ಹೆಸರೇ ಉಳಿದುಕೊಂಡಿತು. 1739ರಲ್ಲಿ ವೆಸ್ಲಿ ಚರ್ಚಿನ ಗೋಡೆ ಬಿಟ್ಟು ಬಯಲಿಗೆ ಬಂದರು. ಬ್ರಿಸ್ಟಲ್ ಹತ್ತಿರದ ಕಲ್ಲಿದ್ದಲು ಗಣಿ ಕೆಲಸಗಾರರ ಮುಂದೆ, ಮಸಿ ಹಿಡಿದ ಮುಖಗಳ ಮುಂದೆ ನಿಂತು ಬೋಧಿಸಿದರು. ಜನರನ್ನು ಸಣ್ಣ ಸಣ್ಣ ಗುಂಪು ಮಾಡಿದರು. ವಾರಕ್ಕೊಮ್ಮೆ ಕೂಡುವುದು, ಒಬ್ಬರ ಕಷ್ಟ ಒಬ್ಬರು ಕೇಳುವುದು, ವಾರಕ್ಕೊಂದು ಪೆನ್ನಿ ಹಾಕುವುದು. ನಮ್ಮ ಊರಿನ ಸ್ತ್ರೀಶಕ್ತಿ ಸಂಘ ನೋಡಿದವರಿಗೆ ಇದು ಹೊಸದಲ್ಲ.

ನಮ್ಮ ರಾಜ್ಯಕ್ಕೆ ಈ ಪಂಥ ಎರಡು ದಾರಿಯಲ್ಲಿ ಬಂತು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು 1820ರ ದಶಕದಲ್ಲೇ ಬೆಂಗಳೂರಿಗೆ ಬಂದರು. 1837ರಲ್ಲಿ ಗುಬ್ಬಿಯಲ್ಲಿ ಠಾಣ್ಯ ಹೂಡಿದರು, ತುಮಕೂರು, ಮೈಸೂರು, ಹಾಸನದ ಕಡೆ ಬೆಳೆದರು. ಅಮೆರಿಕದ ಮೆಥೋಡಿಸ್ಟರ ಕೆಲಸ ಉತ್ತರ ಭಾರತದಲ್ಲಿ ಶುರುವಾಗಿತ್ತು. 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರ್ ಅನ್ನುವ ಬೋಧಕರಿಂದ ಅದು ಮುಂಬೈ, ಮದ್ರಾಸು, ಬೆಂಗಳೂರಿಗೂ ಹಬ್ಬಿತು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು 1880ರಲ್ಲಿ ಈ ಅಮೆರಿಕನ್ ಕವಲಿನಿಂದಲೇ ಬಂದವು. 1947ರ ಸೆಪ್ಟೆಂಬರಿನಲ್ಲಿ ಹಲವು ಪಂಥಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆದಾಗ, ವೆಸ್ಲಿಯನ್ನರು ಅದರೊಳಗೆ ಸೇರಿದರು, ಅಮೆರಿಕದ ಕವಲಿನವರು ಸೇರಲಿಲ್ಲ. ಹಾಗಾಗಿ ತುಮಕೂರಿನ ನಮ್ಮ ಬೀಗರು ಸಿಎಸ್‌ಐ, ಕೋಲಾರದ ನಾವು ಮೆಥೋಡಿಸ್ಟ್. ಬೀದರ್, ಯಾದಗಿರಿ, ಬೆಳಗಾವಿ ಕಡೆ ಮೆಥೋಡಿಸ್ಟ್ ಚರ್ಚು ಕಂಡರೆ ಅವರೂ ನಮ್ಮ ಕವಲೇ. 1981ರಲ್ಲಿ ಇದು ಅಮೆರಿಕದ ಆಡಳಿತದಿಂದ ಬಿಡಿಸಿಕೊಂಡು "ಭಾರತದ ಮೆಥೋಡಿಸ್ಟ್ ಸಭೆ" ಆಯಿತು.

ಕೋಲಾರದಲ್ಲಿ ಸಭೆ ಬೆಳೆದದ್ದು ಬರೀ ಬೋಧನೆಯಿಂದಲ್ಲ. ಸಾಕಿದ ಮಕ್ಕಳಿಗೆ ಮುಂದೇನು ಅನ್ನುವ ಪ್ರಶ್ನೆ ಇತ್ತು. ಅವರಿಗೆ ಹೊಲ ಇಲ್ಲ, ಕುಲಕಸುಬು ಇಲ್ಲ, ಕರೆದು ಕೆಲಸ ಕೊಡುವ ಬಂಧುಗಳಿಲ್ಲ. ಅದಕ್ಕೆ ಶಾಲೆ ಜೊತೆಗೆ ಕೈಗಾರಿಕಾ ಶಾಲೆ ಬಂತು. ಬಡಗಿ ಕೆಲಸ, ಕಮ್ಮಾರ ಕೆಲಸ ಕಲಿಸಿದರು. ಡಬ್ಲ್ಯು. ಎಚ್. ಹಾಲಿಸ್ಟರ್ ಅನ್ನುವ ಮಿಷನರಿಯ ಕಾಲದಲ್ಲಿ ಇಲ್ಲಿ ಕಬ್ಬಿಣದ ನೇಗಿಲು ತಯಾರಾಗುತ್ತಿತ್ತು. ಮರದ ನೇಗಿಲು ಮಣ್ಣನ್ನು ಗೀರುತ್ತದೆ, ಕಬ್ಬಿಣದ ನೇಗಿಲು ಮಗುಚುತ್ತದೆ. ಮಗುಚಿದ ಮಣ್ಣು ಮಳೆ ನೀರನ್ನು ಹೆಚ್ಚು ಹಿಡಿಯುತ್ತದೆ. ಬರದಲ್ಲಿ ಉಳಿದ ಮಕ್ಕಳ ಕೈಯಿಂದ, ಮಳೆ ನೀರು ಹಿಡಿಯುವ ನೇಗಿಲು ಬಂತು ಅನ್ನುವುದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆವು. ಅಜ್ಜಿಯ ಅಪ್ಪ ಕಮ್ಮಾರ ಕೆಲಸ ಬಲ್ಲವರು. ಅವರ ಸುತ್ತಿಗೆ ಇನ್ನೂ ನಮ್ಮ ಅಟ್ಟದಲ್ಲಿದೆ.

ಇನ್ನೊಂದು, ಕೋಲಾರದವರಿಗೆಲ್ಲ ಗೊತ್ತಿರುವ ಇಟಿಸಿಎಂ ಆಸ್ಪತ್ರೆ. ಹೆಸರು ಬಿಡಿಸಿದರೆ ಎಲ್ಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. 1910ರಲ್ಲಿ ಶುರುವಾದದ್ದು. ಗಂಡು ಡಾಕ್ಟರ ಮುಂದೆ ಕೂರಲು ಹೆಂಗಸರು ಒಪ್ಪದಿದ್ದ ಕಾಲ. ಹೆರಿಗೆ ಅಂದರೆ ಬದುಕಿದರೆ ಪುಣ್ಯ ಅನ್ನುತ್ತಿದ್ದ ಕಾಲ. ಇದರ ಹಿಂದೆ ಇದ್ದದ್ದು ಅಮೆರಿಕದ ಮೆಥೋಡಿಸ್ಟ್ ಹೆಂಗಸರ ಮಿಷನರಿ ಸಂಘ. 1869ರಲ್ಲಿ ಬೋಸ್ಟನ್ನಿನಲ್ಲಿ ಕೆಲವೇ ಹೆಂಗಸರು ಸೇರಿ ಕಟ್ಟಿದ ಸಂಘ ಅದು. ಅವರ ಲೆಕ್ಕಾಚಾರ ಏನು ಗೊತ್ತೇ? ಪ್ರತಿಯೊಬ್ಬಳೂ ವಾರಕ್ಕೆ ಎರಡು ಸೆಂಟು ಮತ್ತು ಒಂದು ಪ್ರಾರ್ಥನೆ. ಆ ಪುಡಿಗಾಸು ಕೂಡಿ ಸಮುದ್ರ ದಾಟಿ ಆಸ್ಪತ್ರೆಗಳಾದವು, ಹೆಣ್ಣುಮಕ್ಕಳ ಶಾಲೆಗಳಾದವು. ನಮ್ಮ ಊರಿನಲ್ಲಿ ಇವತ್ತಿಗೂ ಎಲ್ಲ ಜಾತಿಯವರ ಮನೆಯಲ್ಲಿ "ನಾನು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವನು" ಅನ್ನುವವರು ಸಿಗುತ್ತಾರೆ. ಟೀ ಅಂಗಡಿಯಲ್ಲಿ ಆ ಮಾತು ಆಡುವವರಲ್ಲೂ ಒಬ್ಬಿಬ್ಬರಿದ್ದಾರೆ. ಅಜ್ಜಿ ಅದನ್ನು ಎಂದೂ ಎತ್ತಿ ಆಡಬಾರದು ಅಂತ ಹೇಳಿದ್ದರು. ಇವತ್ತು ಆಡಿಬಿಟ್ಟೆವು, ಕ್ಷಮೆ ಇರಲಿ.

ಎರಡು ಸೆಂಟಿನ ಕಥೆ ಓದಿ ಹೇಳಿದಾಗ ಅಜ್ಜಿ ಆಶ್ಚರ್ಯಪಡಲಿಲ್ಲ. "ನಾವೂ ಹಂಗೇ ತಾನೇ?" ಅಂದರು. ಅವರ ಕಾಲದಲ್ಲಿ ಅಡಿಗೆಗೆ ಅಕ್ಕಿಯೋ ರಾಗಿಹಿಟ್ಟೋ ಅಳೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ ಹಾಕುತ್ತಿದ್ದರು. ಶನಿವಾರ ಆ ಗಡಿಗೆ ಚರ್ಚಿಗೆ ಹೋಗುತ್ತಿತ್ತು. ಅದರಿಂದ ಅಯ್ಯನವರ ಸಂಬಳದ ಒಂದು ಪಾಲು, ದೀಪದ ಎಣ್ಣೆ, ಊರಿಗೆ ಬಂದ ಪರದೇಶಿಗಳ ಊಟ. ನಮ್ಮ ಹಳ್ಳಿಯ ಚರ್ಚು ಹಾಗೆ ಹಿಡಿ ಹಿಡಿಯಾಗಿ ಎದ್ದದ್ದು. ಮೊದಲು ಅದು ಹುಣಸೆಮರದ ಕೆಳಗಿನ ಚಪ್ಪರ. ಆಮೇಲೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಆಮೇಲೆ ಕಲ್ಲು ಚಪ್ಪಡಿ. ಕಲ್ಲು ಸೀಳಿದವರು, ಹೊತ್ತವರು, ಗಾರೆ ಕಲಸಿದವರು ಎಲ್ಲ ಸಭೆಯವರೇ. ಹೆಂಗಸರು ಹಗಲು ಕೂಲಿಗೆ ಹೋಗಿ, ಬೆಳದಿಂಗಳಲ್ಲಿ ಬಂದು ನೀರು ಹೊತ್ತರಂತೆ.

ಸುಗ್ಗಿ ಹಬ್ಬ ಬಂತೆಂದರೆ ಇಡೀ ಊರಿನ ಹಬ್ಬ. ಮೊದಲ ತೆನೆ, ಕುಂಬಳಕಾಯಿ, ಕೋಳಿ, ಟೊಮೆಟೊ ಕ್ರೇಟು, ರೇಷ್ಮೆಗೂಡು ಎಲ್ಲ ತಂದು ಚರ್ಚಿನ ಮುಂದೆ ಇಟ್ಟು ಹರಾಜು ಕೂಗುತ್ತಾರೆ. ಹರಾಜಿಗೆ ಸಭೆಯವರಿಗಿಂತ ಊರವರೇ ಜಾಸ್ತಿ. ಒಂದು ನಿಂಬೆಹಣ್ಣು ಐನೂರು ರೂಪಾಯಿಗೆ ಹೋದದ್ದನ್ನು ನಾವು ನೋಡಿದ್ದೇವೆ. ಕೂಗಿದವರು ಪಕ್ಕದ ಬೀದಿಯ ಗೌಡರು. ಯಾಕೆ ಗೌಡ್ರೇ ಅಂದರೆ, "ಹೋದ ವರ್ಷ ಕೂಗಿದ್ದೆ, ಬೋರು ಸಿಕ್ತು" ಅಂದರು. ದೇವರ ಲೆಕ್ಕ ಹಳ್ಳಿಯಲ್ಲಿ ಹೀಗೆಲ್ಲ ಸೇರಿಕೊಂಡಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತದೆ. ನಮ್ಮ ಸಭೆಯ ತಪ್ಪುಗಳನ್ನೂ ಹೇಳಬೇಕು.

ಮೊದಲನೆಯದು ಜಾತಿ. ಒಂದೇ ಸಾಲಿನಲ್ಲಿ ಉಂಡ ಮಕ್ಕಳ ಸಭೆಯೊಳಗೆ ಜಾತಿ ಹಿಂಬಾಗಿಲಿಂದ ಬಂತು. ಬರ ಕಳೆದ ಮೇಲೆ ಸುತ್ತಲಿನ ಹಳ್ಳಿಗಳಿಂದ ಕುಟುಂಬ ಕುಟುಂಬವೇ ಸಭೆ ಸೇರಿದವು. ಅವರಲ್ಲಿ ಹೆಚ್ಚಿನವರು ಹೊಲೆಗೇರಿ, ಮಾದಿಗರ ಕೇರಿಗಳಿಂದ ಬಂದವರು. ಅವರಿಗೆ ಊರಿತ್ತು, ಬಂಧುಗಳಿದ್ದರು, ತಮ್ಮದು ಯಾವ ಜನ ಅಂತ ಗೊತ್ತಿತ್ತು. ಆಗ ನಮ್ಮ ಕೆಲವು ಹಿರಿಯರು, ತಮ್ಮ ಜಾತಿಯೇ ಗೊತ್ತಿಲ್ಲದ ಹಿರಿಯರು, ತಾವು ಅವರಿಗಿಂತ ಮೇಲು ಅಂದುಕೊಂಡರು. ನಾವು ಮಿಷನ್ ಮನೆಯವರು, ಅವರು ಹಳ್ಳಿಯವರು ಅಂತ ಭೇದ ಮಾಡಿದರು. ಹೆಣ್ಣು ಕೊಡುವಾಗ ತರುವಾಗ "ಅವರು ಯಾವ ಕಡೆಯವರು" ಅಂತ ಮೆಲ್ಲಗೆ ವಿಚಾರಿಸಿದರು. ಇವತ್ತಿಗೂ ವಿಚಾರಿಸುತ್ತಾರೆ. ಪರರು ನಮ್ಮನ್ನು ಕೇಳಿದರೆ ನೋವಾಗುವ ಪ್ರಶ್ನೆಯನ್ನೇ ನಾವು ನಮ್ಮವರನ್ನು ಕೇಳಿದೆವು.

ಎರಡನೆಯದು ಕಾಗದದ ಕಷ್ಟ. ಇದು ಸಭೆಯ ತಪ್ಪಲ್ಲ, ಆದರೆ ಸಭೆಯನ್ನು ಒಳಗಿನಿಂದ ತಿಂದದ್ದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಧರ್ಮದವರಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಕೊಟ್ಟರು. ಕ್ರೈಸ್ತರಾದ ದಲಿತರಿಗೆ ಕೊಟ್ಟಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗಕ್ಕೆ ಈ ವಿಷಯ ಒಪ್ಪಿಸಿತು. ನಮ್ಮ ಊರಿನಲ್ಲಿ ಇದರ ಅರ್ಥ ಇಷ್ಟೇ: ಚರ್ಚಿನ ರಿಜಿಸ್ಟರಿನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು ಹೆಸರು. ಭಾನುವಾರ ಒಂದು, ಸೋಮವಾರ ಒಂದು. ಕೇರಿಯಲ್ಲಿ ಅವಮಾನ ಎರಡೂ ಹೆಸರಿಗೆ ಒಂದೇ. ಸವಲತ್ತು ಮಾತ್ರ ಒಂದಕ್ಕೆ. ಮಗನ ಹಾಸ್ಟೆಲ್ ಸೀಟಿಗಾಗಿ ಚರ್ಚಿಗೆ ಬರುವುದನ್ನು ಬಿಟ್ಟವರಿದ್ದಾರೆ. ಅವರನ್ನು ಕೆಲವರು ಹೇಡಿಗಳು ಅಂದರು. ನಾವು ಅನ್ನುವುದಿಲ್ಲ. ಅನ್ನಕ್ಕಾಗಿ ಒಳಗೆ ಬಂದ ಮಕ್ಕಳ ವಂಶ ನಾವು. ಅನ್ನಕ್ಕಾಗಿ ಹೊರಗೆ ಹೋದವರನ್ನು ಯಾವ ಬಾಯಿಂದ ಬೈಯುವುದು?

ಮೂರನೆಯದು ಆಸ್ತಿ. ಹಿಡಿ ಅಕ್ಕಿಯಿಂದ ಕಟ್ಟಿದ್ದಕ್ಕೆ ಬೆಲೆ ಬಂದ ಮೇಲೆ ಜಗಳವೂ ಬಂತು. ಸಭೆಯ ಜಾಗ ಯಾರದು, ಬಾಡಿಗೆ ಯಾರಿಗೆ, ಕಮಿಟಿಯಲ್ಲಿ ಯಾರು ಅಂತ ಅಣ್ಣತಮ್ಮಂದಿರಂಥವರು ಮಾತು ಬಿಟ್ಟದ್ದನ್ನು ಕಂಡಿದ್ದೇವೆ. ನಮ್ಮಲ್ಲಿ ಅಯ್ಯನವರನ್ನು ನೇಮಿಸುವುದು ಬಿಷಪ್ಪರು, ವಾರ್ಷಿಕ ಕಾನ್ಫರೆನ್ಸಿನಲ್ಲಿ. ಕೆಲವು ವರ್ಷಕ್ಕೆ ವರ್ಗಾವಣೆ. ಮೆಥೋಡಿಸ್ಟ್ ಬೋಧಕ ಊರೂರು ತಿರುಗಬೇಕು ಅನ್ನುವುದು ವೆಸ್ಲಿ ಕಾಲದ ಪದ್ಧತಿ. ಅವರೇ ಕುದುರೆ ಮೇಲೆ ತಿರುಗಿದವರು. ಅಯ್ಯನವರು ಬದಲಾಗುತ್ತಾರೆ, ಜಗಳ ಬದಲಾಗುವುದಿಲ್ಲ. ಹೊಸಬರು ಬಂದು ಮನೆಮನೆ ಸುತ್ತಿ ರಾಜಿ ಮಾಡಿಸುವ ಹೊತ್ತಿಗೆ ಅವರಿಗೆ ವರ್ಗ ಆಗಿರುತ್ತದೆ.

ಈಗ ಸಭೆ ಹೇಗಿದೆ? ಭಾನುವಾರ ಬೆಳಿಗ್ಗೆ ಗಂಟೆ ಹೊಡೆದರೆ ಮೂವತ್ತು ನಲವತ್ತು ಜನ. ಮುಂದಿನ ಬೆಂಚುಗಳಲ್ಲಿ ಮುದುಕಿಯರು, ಚಾಪೆಯ ಮೇಲೆ ಮಕ್ಕಳು, ನಡುವಿನವರು ಕಾಣುವುದಿಲ್ಲ. ಗಂಡುಮಕ್ಕಳು ನರಸಾಪುರದ ಕಾರ್ಖಾನೆಗಳ ಶಿಫ್ಟಿನಲ್ಲಿ, ಹೆಣ್ಣುಮಕ್ಕಳು ಬೆಂಗಳೂರಿನ ಆಸ್ಪತ್ರೆಗಳಲ್ಲಿ ನರ್ಸುಗಳಾಗಿ. ಗಣಿಯನ್ನು ನಂಬಿದ್ದವರ ಮನೆಗಳು 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ಚದುರಿದವು. ಕೆಲವರು ಹೊಸ ಪ್ರಾರ್ಥನಾ ಗುಂಪುಗಳಿಗೆ ಹೋಗುತ್ತಾರೆ. ಅಲ್ಲಿ ಕೀಬೋರ್ಡು, ಡ್ರಮ್ಮು, ಮೈಕು. ನಮ್ಮಲ್ಲಿ ಹಳೆಯ ಕೀರ್ತನೆ, ಒಂದು ಹಾರ್ಮೋನಿಯಂ, ಅದರ ಎರಡು ಮನೆ ಹಿಡಿದುಕೊಂಡಿವೆ.

ಆದರೂ ಡಿಸೆಂಬರ್ 31ರ ರಾತ್ರಿ ಚರ್ಚು ತುಂಬುತ್ತದೆ. ವರ್ಷದ ಕೊನೆಯ ರಾತ್ರಿ ಎಚ್ಚರಿದ್ದು ಪ್ರಾರ್ಥಿಸುವುದು ಮೆಥೋಡಿಸ್ಟರ ಹಳೆಯ ಪದ್ಧತಿ. ಶನಿವಾರ ರಾತ್ರಿ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ಇಂಗ್ಲೆಂಡಿನ ಗಣಿ ಕೆಲಸಗಾರರು ಅದೇ ರಾತ್ರಿಯನ್ನು ಹಾಡಿನಲ್ಲಿ ಕಳೆಯಲು ಶುರುಮಾಡಿದ್ದು ಅದರ ಮೂಲ. ಎಲ್ಲೆಲ್ಲಿಂದಲೋ ಬಸ್ಸು ಹತ್ತಿ, ಬೈಕು ಹತ್ತಿ ನಮ್ಮವರು ಬರುತ್ತಾರೆ. ಎರಡು ಹೆಸರಿನವರೂ ಬರುತ್ತಾರೆ. ಬಾಗಿಲಲ್ಲಿ ಯಾರನ್ನೂ ಯಾವ ಹೆಸರು ಅಂತ ಕೇಳುವುದಿಲ್ಲ. ನಡುರಾತ್ರಿಗೆ ದೀಪ ಆರಿಸಿ, ಆ ವರ್ಷ ತೀರಿಕೊಂಡವರ ಹೆಸರು ಒಂದೊಂದಾಗಿ ಓದುತ್ತೇವೆ. ಕೊನೆಗೆ ನಮ್ಮ ಅಜ್ಜಿ ಪ್ರತಿ ವರ್ಷ ಎದ್ದು ನಿಂತು, "ಹೆಸರು ಗೊತ್ತಿಲ್ಲದೋರು" ಅಂತ ಸೇರಿಸುತ್ತಾರೆ. ಚಿಕ್ಕಂದಿನಲ್ಲಿ ನಮಗೆ ಅದು ನಗೆಪಾಟಲು. ಆ ಕೆರೆ ಏರಿಯ ಮೇಲಿನ ತಾಯಿಗೆ ಹೇಳುತ್ತಿದ್ದರು ಅಂತ ಈ ದಸರಾದಲ್ಲಿ ತಿಳಿಯಿತು.

ಆ ಕೆರೆ ಯಾವುದು ಅಂತ ಅಜ್ಜಿಗೆ ಖಚಿತ ಇಲ್ಲ. ಇದೇ ಇರಬಹುದು ಅಂತ ಒಂದನ್ನು ತೋರಿಸುತ್ತಾರೆ. ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆವು. ನಾವು ಶಾಲೆಗೆ ಹೋಗುವಾಗ ಅದು ಜಾಲಿ ಬೆಳೆದ ಬಯಲು, ಅದರಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಈಗ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದು ತುಂಬಿದೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಶುದ್ಧಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಅದು. ಆ ನೀರಿನ ಬಗ್ಗೆ ಊರಿನಲ್ಲಿ ನೂರು ಜಗಳ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ. ಅಜ್ಜಿ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತರು. ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಒಂದು ಹಿಡಿ ರಾಗಿಯನ್ನು ಅಲ್ಲೇ ಚೆಲ್ಲಿದರು. ಇರುವೆ, ಗುಬ್ಬಿ ಯಾರಾದರೂ ತಿನ್ನಲಿ ಅಂದರು.

ಸಮೀಕ್ಷೆಯ ಟೀಚರ್ ಆವತ್ತು ಜಾತಿ ಕಾಲಮ್ಮಿನಲ್ಲಿ ಏನು ಬರೆದುಕೊಂಡರು? ಅಪ್ಪ ಕೊನೆಗೆ "ಗೊತ್ತಿಲ್ಲ ಅಂತ ಹಾಕಿ" ಅಂದರು. ಮೊದಲ ಸಲ ಅವರು ಆ ಮಾತನ್ನು ತಲೆ ತಗ್ಗಿಸದೆ ಹೇಳಿದ್ದು ನಾವು ನೋಡಿದೆವು. ಟೀಚರ್ ಕಾಫಿ ಕುಡಿದು, ಹೊರಡುವಾಗ ಅಜ್ಜಿಯ ಹತ್ತಿರ ಬಗ್ಗಿ, "ಅಜ್ಜೀ, ಧಾತು ಬರದಲ್ಲಿ ನಮ್ಮ ಮುತ್ತಜ್ಜನ ಕಡೆಯವರೂ ಮೂರು ಜನ ಕಾಣೆಯಾದರಂತೆ. ಸತ್ತರೋ ಇದ್ದರೋ ಗೊತ್ತಿಲ್ಲ" ಅಂದರು. ಅಜ್ಜಿ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಿಡಿಸಿದ ಹುಣಸೆಹಣ್ಣನ್ನು ಒಂದು ಕಾಗದದಲ್ಲಿ ಕಟ್ಟಿ, "ತಗೊಂಡೋಗು, ಸಾರಿಗೆ ಆಗ್ತದೆ. ಯಾರಿಗ್ಗೊತ್ತು, ನೀನು ನಮ್ಮೋಳೇ ಇರಬೌದು" ಅಂದರು.

ನಿಮ್ಮ ಊರಿನಲ್ಲೂ ಆ ಬರದ ಮಾತು ಬಲ್ಲ ಹಿರಿಯರು ಇದ್ದರೆ ಈಗಲೇ ಕೇಳಿ. ಯಾರು ಸತ್ತರು, ಯಾರು ಕಾಣೆಯಾದರು, ಯಾವ ಕೆರೆ ಹತ್ತಿರ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ಬರೆಯುವ ಕೆಲಸ ನಮಗೆ ಬಿಡಿ. ಆರು ವರ್ಷದ ಒಂದು ಹೆಣ್ಣುಮಗುವನ್ನು ಕಳೆದುಕೊಂಡ ಮನೆಯ ಮಾತು ಯಾರ ಬಾಯಲ್ಲಾದರೂ ಬಂದರೆ, ಅವಳ ಹೆಸರು ಏನಿತ್ತು ಅಂತ ತಪ್ಪದೆ ಕೇಳಿ.